ಚಾಕೊಲೇಟಿನ ಮೊದಲ ಲೋಟ

ಮದುವೆಯಾಗಿ ಒಂಟಿಕೊಪ್ಪಲಿಗೆ ಬಂದ ಮೇಲೆ ಎಷ್ಟೋ ವರ್ಷ ನಾನು ಯಾವುದನ್ನೂ ಬಿಸಿಯಾಗಿ ಕುಡಿದವಳಲ್ಲ. ಕುಡಿಯಬೇಡ ಅಂತ ಯಾರೂ ಅಂದಿರಲಿಲ್ಲ. ನನ್ನನ್ನು ಬೈದು ಹೊಡೆದು ಮಾಡುವ ಮನೆಯೂ ಅದಾಗಿರಲಿಲ್ಲ. ಎಲ್ಲರಿಗೂ ಕೊಟ್ಟು, ಖಾಲಿ ಲೋಟಗಳನ್ನು ಒಳಗೆ ತಂದಿಟ್ಟು, ಒಲೆಯ ಮುಂದೆ ನಿಂತು ನನ್ನ ಪಾಲಿನದನ್ನು ಬಾಯಿಗೆ ಎತ್ತುವ ಹೊತ್ತಿಗೆ ಅದು ಆರಿ, ಕೆನೆ ಕಟ್ಟಿ, ನನ್ನ ಹಾಗೇ ಸುಸ್ತಾಗಿ ಕೂತಿರುತ್ತಿತ್ತು. ಅಷ್ಟೇ.

ಅದೂ ಮೊದಲನೇ ಡಿಕಾಕ್ಷನ್ ಅಲ್ಲ. ಹಿತ್ತಾಳೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಕುದಿಯುವ ನೀರು ಹೊಯ್ದರೆ ಮೊದಲು ಗಟ್ಟಿಯಾಗಿ ಇಳಿಯುವುದು ಗಂಡಸರದು. ಮಾವ, ನನ್ನ ಗಂಡ, ಕಾಲೇಜಿಗೆ ಹೋಗುತ್ತಿದ್ದ ಮೈದುನ, ಜೊತೆಗೆ ಊರಿನಿಂದ ಬಂದವರು ಯಾರಾದರೂ. ಅದೇ ಪುಡಿಯ ಮೇಲೆ ಮತ್ತೊಮ್ಮೆ ನೀರು ಹೊಯ್ದು ಇಳಿಸಿದ್ದು ಅತ್ತೆಗೂ ನನಗೂ. ನಜರ್‌ಬಾದಿನ ನನ್ನ ತವರಿನಲ್ಲೂ ಹೀಗೇ ನಡೆಯುತ್ತಿತ್ತು. ಅಮ್ಮ ಕುಡಿಯುತ್ತಿದ್ದದ್ದು ಕಾಫಿಯೋ ಕಲಗಚ್ಚೋ ಅಂತ ನಾನು ಚಿಕ್ಕವಳಿದ್ದಾಗ ಯೋಚಿಸಿದ್ದೇ ಇಲ್ಲ. ಹುಣಸೆಹಣ್ಣನ್ನು ಹಿಂಡಿದ ಮೇಲೆ ಇನ್ನೊಂದು ಸಲ ನೀರು ಹಾಕಿ ಹಿಂಡುತ್ತೇವೆ, ತೆಂಗಿನಕಾಯಿಯಿಂದ ಎರಡನೇ ಹಾಲು ತೆಗೆಯುತ್ತೇವೆ, ಹಾಗೇ ಇದೂ ಒಂದು. ಸಾರ ಇರುವಷ್ಟೂ ಹೊತ್ತು ಯಾವುದನ್ನೂ ಬಿಸಾಡುವ ಹಾಗಿಲ್ಲ. ಮನೆಯ ಹೆಂಗಸರನ್ನೂ ಅದೇ ಲೆಕ್ಕದಲ್ಲಿ ಇಟ್ಟಿದ್ದರು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಅನ್ನಿಸುವುದಕ್ಕೆ ಪುರುಸೊತ್ತೆಲ್ಲಿತ್ತು?

ಅರವತ್ತರ ದಶಕದ ಮೊದಲ ವರ್ಷಗಳು ಅವು. ನನಗಿನ್ನೂ ಮಕ್ಕಳಾಗಿರಲಿಲ್ಲ. ಅದಕ್ಕೇ ಇಷ್ಟಾದರೂ ನೆನಪಿದೆ; ಆಮೇಲಿನ ವರ್ಷಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಮಾವ ಊರಿನ ಗದ್ದೆಯನ್ನು ತಮ್ಮಂದಿರಿಗೆ ಬಿಟ್ಟು ಮೈಸೂರಿಗೆ ಬಂದು ಸೌದೆ ಡಿಪೋ ಇಟ್ಟಿದ್ದರು. ಗಂಡ ಕಚೇರಿಯಲ್ಲಿ ಗುಮಾಸ್ತ. ಅತ್ತೆಗೆ ಮಂಡಿನೋವು ಹಿಡಿದಿದ್ದರಿಂದ ನಿಂತು ಮಾಡುವ ಕೆಲಸವೆಲ್ಲ ನನ್ನದು, ಕೂತು ಹೇಳುವ ಕೆಲಸ ಅವರದು. ಬೆಳಿಗ್ಗೆ ಬೀದಿ ನಲ್ಲಿಯ ನೀರು ಹಿಡಿದು ತುಂಬಿಸಿದರೆ ಶುರು. ಹೊಟ್ಟಿನ ಒಲೆಗೆ ಮರದ ಹೊಟ್ಟು ಜಡಿಯುವುದು, ಅಡಿಗೆ, ಬುತ್ತಿ, ಬಟ್ಟೆ, ಮತ್ತೆ ಅಡಿಗೆ. ನಡುವೆ ದೊಡ್ಡಾಸ್ಪತ್ರೆಗೆ ತೋರಿಸಿಕೊಳ್ಳಲು, ಕೋರ್ಟಿಗೆ, ಹೆಣ್ಣು ನೋಡಲು ಅಂತ ಊರಿನಿಂದ ಜನ ಬರುತ್ತಲೇ ಇದ್ದರು. ಬಂದವರಿಗೆ ಮುದ್ದೆ ತಿರುವಿ ತಿರುವಿ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. "ಪಟ್ಣದ ಸೊಸೆ, ನೆಳ್ಳಲ್ಲಿ ಕೆಲ್ಸ, ಪುಣ್ಯವಂತೆ," ಅನ್ನುತ್ತಿದ್ದರು ಉಂಡವರು. ನಾನು ತಲೆ ತಗ್ಗಿಸಿ ಇನ್ನೊಂದು ಮುದ್ದೆ ಇಡುತ್ತಿದ್ದೆ. ಈಗಾಗಿದ್ದರೆ ಸೌಟು ಅವರ ಕೈಗೇ ಕೊಡುತ್ತಿದ್ದೆ.

ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದರು. ಆ ವರ್ಷ ಬಂದವರು ಗಂಡ ಹೆಂಡತಿ ಇಬ್ಬರೇ, ಮೆಕ್ಸಿಕೋ ದೇಶದವರು. ಆತ ಯಾವುದೋ ತರಬೇತಿಗೆ ಬಂದವನು, ಬೆಳಿಗ್ಗೆ ಹೋದರೆ ಸಂಜೆಯೇ ಬರುತ್ತಿದ್ದ. ಆಕೆ ಒಬ್ಬಳೇ ಮೇಲೆ ಇರುತ್ತಿದ್ದಳು. ಪರದೇಶದವಳು ಅಂದರೆ ಸುಣ್ಣದ ಹಾಗೆ ಬಿಳುಪಾಗಿರುತ್ತಾಳೆ ಅಂದುಕೊಂಡಿದ್ದ ಅತ್ತೆ, ಜಟಕಾದಿಂದ ಇಳಿದವಳನ್ನು ಕಿಟಕಿಯಿಂದ ನೋಡಿ ನಿರಾಸೆಗೊಂಡರು. ಎಣ್ಣೆಗೆಂಪು ಮೈಬಣ್ಣ, ಸೊಂಟದವರೆಗೆ ಕಪ್ಪು ಜಡೆ.

"ದೊರೆಸಾನಿ ಬತ್ತಾಳೆ ಅಂದ್ರು. ನಮ್ಮಂಗೇ ಅವ್ಳೆ ಕಣಮ್ಮಿ!" ಅಂದರು. ಹೆಸರು ಬಾಯಿಗೆ ಹತ್ತಲಿಲ್ಲವಾಗಿ ಮಹಡಿಯವಳು ಅಂತ ಕರೆದರು. ನನಗೂ ಅದೇ ರೂಢಿಯಾಯಿತು.

ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟಿಗೆ ಅತ್ತೆ ಒಳಗಿನಿಂದ ಕೆಮ್ಮುತ್ತಾ ಬೈಯುತ್ತಿದ್ದರು. ಮಹಡಿಯವಳು ಮೂಗು ಮುಚ್ಚಿಕೊಂಡು ಓಡಿಹೋಗುವ ಬದಲು ಸೀನುತ್ತಾ ನಗುತ್ತಾ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಬ್ಯಾಡಗಿ ಮೆಣಸಿನಕಾಯಿಯೊಂದನ್ನು ಎತ್ತಿ, ಮುರಿದು, ಮೂಸಿ, ಅವಳ ಭಾಷೆಯಲ್ಲಿ ಏನೋ ಅಂದಳು. ತವರಿನವರನ್ನು ಕಂಡಂತೆ ಕಣ್ಣು ತುಂಬಿಕೊಂಡಿದ್ದಳು, ಅಥವಾ ಘಾಟಿಗೆ ನೀರು ಬಂದಿತ್ತೋ ಏನೋ. ಒಂದು ಹಿಡಿ ಕೊಟ್ಟೆ. ಚಕ್ಕೆ ಬೇಕು ಅಂತ ಬೆರಳಿನಲ್ಲಿ ಸುರುಳಿ ಸುತ್ತಿ ತೋರಿಸಿದಳು. ಅದನ್ನೂ ಕೊಟ್ಟೆ. ಏನು ಸಾರು ಮಾಡುತ್ತಾಳೋ ನೋಡೋಣ ಅನ್ನುವ ಕುತೂಹಲಕ್ಕೆ ಅವಳ ಹಿಂದೆಯೇ ಮೇಲೆ ಹತ್ತಿದೆ.

ಅವಳು ಮಾಡಿದ್ದು ಸಾರಲ್ಲ. ಬಿಲ್ಲೆಬೆಲ್ಲದ ಹಾಗೆ ದುಂಡಗಿದ್ದ ಕಪ್ಪು ಬಿಲ್ಲೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ಮುರಿದಳು. ಒಳಗೆಲ್ಲ ಸಕ್ಕರೆ ಹರಳು. ಚಾಕೊಲೇಟು ಅಂತ ಅವಳು ಹೇಳಿದ್ದು ನನಗೆ ತಿಳಿಯಿತು. ಕಾಗದ ಸುತ್ತಿದ ಚಾಕೊಲೇಟನ್ನು ಮದುವೆಗೆ ಮುಂಚೆ ಒಂದೆರಡು ಸಲ ತಿಂದಿದ್ದೆ. ಆದರೆ ಇದು ಬೇರೆ, ಮುಟ್ಟಿದರೆ ತರಿತರಿ. ಸೀಮೆಎಣ್ಣೆ ಸ್ಟೌವಿನ ಮೇಲೆ ಹಾಲಿಟ್ಟು, ಚಕ್ಕೆ ಹಾಕಿ ಕುದಿಸಿ, ಮೆಣಸಿನಕಾಯಿಯ ಬೀಜ ಕೊಡವಿ ಸಿಪ್ಪೆಯನ್ನಷ್ಟೇ ಕೆಂಡ ತಗುಲಿಸಿದ ಹಾಗೆ ಸುಟ್ಟು ಆ ಹಾಲಿಗೇ ಹಾಕಿದಳು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ. ಹಾಲಿಗೆ ಮೆಣಸಿನಕಾಯಿ! ಒಡೆದೇ ಹೋಗುತ್ತದೆ ಅಂತ ಕಾದೆ. ಒಡೆಯಲಿಲ್ಲ. ಚಾಕೊಲೇಟು ಕರಗಿದ ಮೇಲೆ ಒಂದು ಮರದ ಕೋಲು ತೆಗೆದಳು. ತುದಿಯಲ್ಲಿ ಕೆತ್ತಿದ ಗುಂಡು, ಅದರ ಮೇಲೆ ಸಡಿಲವಾಗಿ ತಿರುಗುವ ಮರದ ಬಳೆಗಳು. ನಮ್ಮ ಮಜ್ಜಿಗೆ ಕಡಗೋಲಿನ ಸೋದರಸಂಬಂಧಿ ಅಂತ ನೋಡಿದ ತಕ್ಷಣ ಗೊತ್ತಾಯಿತು. ಹಗ್ಗವಿಲ್ಲ, ಎರಡು ಅಂಗೈ ನಡುವೆ ಇಟ್ಟು ಹೊಸೆಯುತ್ತಾ ನೊರೆ ಬರಿಸಿದಳು.

ನನ್ನನ್ನು ಭುಜ ಹಿಡಿದು ಕುರ್ಚಿಯ ಮೇಲೆ ಕೂರಿಸಿ, "ಕೂತ್ಕೊ," ಅಂದಳು. ಅವಳಿಗೆ ಬರುತ್ತಿದ್ದ ಕನ್ನಡವೇ ಮೂರು ನಾಲ್ಕು ಮಾತು: ಬೇಡ, ಸಾಕು, ಕೂತ್ಕೊ. ತರಕಾರಿಯವಳಿಂದ ಕಲಿತಿರಬೇಕು. ತಾನು ನಿಂತೇ ಇದ್ದು ನನಗೆ ಮೊದಲು ಕೊಟ್ಟಳು. ಲೋಟವನ್ನು ಅಭ್ಯಾಸದಂತೆ ಎತ್ತಿ ಬಾಯಿಗೆ ಹೊಯ್ದುಕೊಳ್ಳಲು ಹೋದೆ. ನೊರೆಯೆಲ್ಲ ಮೂಗಿಗೆ ಮೆತ್ತಿತು. ಅವಳು ನಕ್ಕು, ತುಟಿಗೆ ಹಚ್ಚಿ ಕುಡಿಯಬೇಕು ಅಂತ ತೋರಿಸಿದಳು. ಕಚ್ಚಿ ಕುಡಿದರೆ ಎಂಜಲು ಅಂತ ನಮ್ಮಲ್ಲಿ ಮಕ್ಕಳಿಗೂ ಗದರುತ್ತಾರೆ. ಹಾಳಾಗಲಿ ಅಂತ ಕಚ್ಚಿಯೇ ಕುಡಿದೆ. ಮೊದಲು ಕಹಿ, ಬೆನ್ನಿಗೇ ಸಿಹಿ. ನುಂಗಿದ ಮೇಲೆ ಗಂಟಲಿನಲ್ಲಿ ಸಣ್ಣಗೆ ಖಾರ ಎದ್ದು ಎದೆಯವರೆಗೂ ಬೆಚ್ಚಗೆ ಇಳಿಯಿತು. ಮೈಯೊಳಗೆ ಯಾರೋ ದೀಪ ಹಚ್ಚಿದರೇನೋ ಅನ್ನಿಸಿತು. ಅದು ಚಾಕೊಲೇಟಿನ ಗುಣವೋ, ಕುರ್ಚಿಯ ಮೇಲೆ ಕೂತು ಬಿಸಿಯಾದದ್ದನ್ನು ಬಿಸಿಯಾಗಿಯೇ ಕುಡಿದದ್ದರ ಗುಣವೋ ಹೇಳಲಾರೆ. ನನಗೆ ಅಳು ಬಂತು. ಖಾರಕ್ಕೆ ಅಂತ ಅವಳು ತಿಳಿದುಕೊಂಡಿರಬೇಕು, ನೀರು ಕೊಟ್ಟಳು.

ಆಮೇಲೆ ಮಧ್ಯಾಹ್ನದ ಪಾತ್ರೆ ತೊಳೆದು, ಸಂಜೆಯ ಕಾಫಿಗೆ ನೀರಿಡುವ ಮುಂಚೆ ಸಿಗುವ ಚೂರು ಹೊತ್ತಿನಲ್ಲಿ ಮೇಲೆ ಹತ್ತುವುದು ಅಭ್ಯಾಸವಾಯಿತು. ದಿನಾ ಅಲ್ಲ, ಆದಾಗ. ಮಾತಿಲ್ಲ, ಕತೆಯಿಲ್ಲ. ಅವಳು ಮಾಡುವಳು, ನಾನು ಕೂರುವೆ. ಕೆಲವು ಸಲ ಕುಡಿದ ಲೋಟ ಕೈಯಲ್ಲಿರುವಾಗಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಅವಳು ಎಬ್ಬಿಸುತ್ತಿರಲಿಲ್ಲ. ಕೆಳಗಿನಿಂದ ಅತ್ತೆಯ ದನಿ ಎಬ್ಬಿಸುತ್ತಿತ್ತು.

"ಅದೇನ್ ಮಾಟ ಮಾಡ್ಬುಟ್ಟವ್ಳೋ ಕಾಣೆ ಆ ಮಹಡಿಯವ್ಳು! ಮಂಡಿ ನೋವು ಅಂದ್ರೆ ಎಣ್ಣೆ ಹಚ್ಚಕ್ಕೆ ಜನ ಇಲ್ಲ. ಅಲ್ಲೇನ್ ಕಡ್ದು ಕಟ್ಟೆ ಹಾಕ್ತೀಯ?"

"ಏನೋ ಕುಡಿಯಕ್ಕೆ ಕೊಡ್ತಾರೆ ಅತ್ತೆ."

"ಇಲ್ಲಿ ಕುಡಿಯಕ್ಕೆ ಇಲ್ವಾ?"

ಇತ್ತು. ಫಿಲ್ಟರಿನ ಎರಡನೇ ನೀರು ಇತ್ತು. ಹಾಗಂತ ಹೇಳುವ ಧೈರ್ಯ ನನಗಿರಲಿಲ್ಲ. ಸುಮ್ಮನೆ ಎಣ್ಣೆ ಬಟ್ಟಲು ತಂದು ಅವರ ಮಂಡಿ ತಿಕ್ಕಿದೆ. ಇದೊಂದನ್ನು ಮಾತ್ರ ನನ್ನ ಕೈಯಿಂದ ಕಿತ್ತುಕೊಳ್ಳಬೇಡಿ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ತಿಕ್ಕಿದೆ. ನಗಬೇಡಿ. ಸೀರೆಗೆ, ಒಡವೆಗೆ ಆಸೆಪಟ್ಟವಳಲ್ಲ ನಾನು. ಒಂದು ಲೋಟ ಬಿಸಿಯಾದದ್ದು, ಕೂತು ಕುಡಿಯುವುದು, ಅದು ಕೂಡ ನನಗೆ ದೊಡ್ಡದಾಗಿತ್ತು.

ತರಬೇತಿ ಮುಗಿದು ಅವರು ಹೊರಟರು. ಮರದ ಕೋಲು ಅವಳ ಅಜ್ಜಿಯದಂತೆ, ತೆಗೆದುಕೊಂಡು ಹೋದಳು. ಉಳಿದಿದ್ದ ಕೆಲವು ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿ, ಬೆರಳಿನಿಂದ ನನ್ನ ಎದೆಗೆ ಕುಟ್ಟಿ, ನಿನಗೆ, ನಿನಗೆ ಅಂತ ಸನ್ನೆ ಮಾಡಿದಳು. ಜಟಕಾ ಬೀದಿಯ ತಿರುವು ದಾಟಿದ ಮೇಲೆ ನಾನು ಒಳಗೆ ಬಂದು ರಾಗಿಹಿಟ್ಟು ಜರಡಿ ಹಿಡಿದೆ.

ಮುಂದಿನ ಭಾನುವಾರ ಸಂಜೆ ಮನಸ್ಸು ತಡೆಯಲಿಲ್ಲ. ಒಲೆಯ ಮೇಲೆ ಹಾಲಿಟ್ಟು, ಚಕ್ಕೆ, ಸುಟ್ಟ ಮೆಣಸಿನಕಾಯಿ ಹಾಕಿ, ಎರಡು ಬಿಟ್ಟು ಉಳಿದ ಬಿಲ್ಲೆಗಳನ್ನು ಕರಗಿಸಿದೆ. ಬೆಣ್ಣೆ ತೆಗೆಯುವ ಚಿಕ್ಕ ಕಡಗೋಲನ್ನು ತೊಳೆದು ಅಂಗೈಗಳ ನಡುವೆ ಹೊಸೆದೆ. ನೊರೆ ಬಂತು. ವಾಸನೆ ಪಡಸಾಲೆಗೂ ಹೋಯಿತು. ಭಾನುವಾರವಾದ್ದರಿಂದ ಗಂಡಸರೆಲ್ಲ ಅಲ್ಲೇ ಇದ್ದರು. "ಏನದು ಘಮ್ ಅಂತದೆ?" ಅಂದರು ಮಾವ. ಅಷ್ಟೇ ಅಂದದ್ದು. ಕೊಡು ಅನ್ನಲಿಲ್ಲ.

ಮುಂದಿನದೆಲ್ಲ ನನ್ನ ಕೈ ಮಾಡಿದ ಕೆಲಸ. ಅದು ತಾನಾಗಿಯೇ ಮೂರು ಲೋಟ ಜೋಡಿಸಿತು. ಪಾತ್ರೆಯ ತಳದಲ್ಲಿ ತರಿ ಇತ್ತು. ಮಹಡಿಯವಳು ಅದನ್ನು ಕದಡಿಯೇ ಕೊಡುತ್ತಿದ್ದಳು. ಆದರೆ ಮಾವನಿಗೆ ಗಸಿ ಇರುವ ಪಾನೀಯ ಕೊಡುವುದೆಂದರೆ ಏನು? ಕೈ ಸೋಸುವ ಬಟ್ಟೆ ತೆಗೆಯಿತು, ಸೋಸಿತು, ಗಟ್ಟಿಯಾದದ್ದನ್ನು ಮೂರು ಲೋಟಕ್ಕೂ ತುಂಬ ಹೊಯ್ದಿತು. ಬಟ್ಟೆಯಲ್ಲಿ ಉಳಿದ ತರಿಯನ್ನು ಮತ್ತೆ ಪಾತ್ರೆಗೆ ಉದುರಿಸಿ, ಬಿಸಿನೀರು ಹೊಯ್ದು, ಇನ್ನೊಂದು ಕುದಿ ಕುದಿಸಿ, ಹಾಲು ತೋರಿಸಿ, ಎರಡು ಲೋಟಕ್ಕೆ ಬಗ್ಗಿಸಿತು. ಅತ್ತೆಗೊಂದು, ನನಗೊಂದು. ತುಟಿಗೆ ಹಚ್ಚುವವರೆಗೂ ನನಗೆ ಏನು ಮಾಡಿದೆನೆಂದು ಹೊಳೆದೇ ಇರಲಿಲ್ಲ.

ಪಡಸಾಲೆಯಿಂದ ಮೈದುನನ ಕೆಮ್ಮು ಕೇಳಿಸಿತು. "ಅತ್ಗೆ, ಇದೇನು ಕಷಾಯವಾ? ಯಾರಿಗ್ ನೆಗಡಿ?"

"ಖಾರ ಕಣೇ, ಇದ್ಯಾವ ಸೀಮೆ ಕಾಫಿ! ಕಾಫಿನೇ ಮಾಡ್ಬುಡು," ಅಂದರು ನನ್ನ ಗಂಡ. ಮಾವ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸಿದರು. ನಾನು ಹೋಗಿ ಲೋಟಗಳನ್ನು ತಂದೆ. ಮೂರರಲ್ಲೂ ಮುಕ್ಕಾಲು ಹಾಗೇ ಇತ್ತು. ಬಚ್ಚಲಿಗೆ ಸುರಿದೆ. ಕಪ್ಪಗೆ ನೊರೆನೊರೆಯಾಗಿ ತೂತಿನಲ್ಲಿ ಇಳಿದು ಹೋಗುವುದನ್ನು ನೋಡುತ್ತಾ ನಿಂತೆ.

ಅಡಿಗೆಮನೆಯಲ್ಲಿ ಅತ್ತೆ ಮಣೆಯ ಮೇಲೆ ಕೂತು ತಮ್ಮ ಲೋಟದ ಗಂಜಿತಿಳಿಯಂಥದ್ದನ್ನು ಕುಡಿದು ಮುಖ ಕಿವಿಚಿದರು.

"ಇದೇನಾ? ಇದ್ಕಾ ನೀನು ಓಡೋಡಿ ಮೇಲ್ ಹತ್ತುತಿದ್ದದ್ದು?"

ಆಗ ನನಗೆ ಎಲ್ಲಿತ್ತೋ ಸಿಟ್ಟು. "ಇದಲ್ಲ ಅತ್ತೆ! ಇದು ತೊಳ್ದ ನೀರು. ಅದು ಅವ್ರಿಗೆ ಹೋಯ್ತು, ಅವ್ರು ಕುಡೀಲಿಲ್ಲ, ಬಚ್ಚಲಿಗೆ ಹೋಯ್ತು. ನಮಗ್ಯಾವತ್ತೂ ತೊಳ್ದ ನೀರೇ!" ಅಂದುಬಿಟ್ಟೆ. ಅಂದವಳೇ ಅಲ್ಲೇ ಒಲೆಯ ಪಕ್ಕ ಕುಸಿದು ಕೂತು ಜೋರಾಗಿ ಅಳತೊಡಗಿದೆ. ಒಂದು ಲೋಟಕ್ಕೆ ಇಷ್ಟು ಅಳುವುದೇ ಅಂತ ನಾಚಿಕೆಯಾಗುತ್ತಿತ್ತು, ಅಳು ಮಾತ್ರ ನಿಲ್ಲಲಿಲ್ಲ. ಮೈಕೈಯೆಲ್ಲ ಸೋತುಹೋಗಿತ್ತು.

ಅತ್ತೆ ಬೈಯುತ್ತಾರೆ ಅಂತ ಕಾದೆ. ಅವರು ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ನಂಗೂ ಗೊತ್ತಿಲ್ಲ ಕಣಮ್ಮಿ, ಮೊದುಲ್ನೇ ಡಿಕಾಕ್ಷನ್ ಎಂಗಿರ್ತದೆ ಅಂತ," ಅಂದರು. "ಈ ಮನೇಲಿ ಕಾಫಿ ಶುರುವಾದಾಗ್ನಿಂದ ಕುಡೀತೀನಿ. ಕೇಳ್ಬೇಕು ಅಂತ್ಲೂ ಅನ್ನಿಸ್ಲಿಲ್ಲ." ಲೋಟ ಕೆಳಗಿಟ್ಟು, "ಇನ್ನೂ ಅದಾ ಆ ಬಿಲ್ಲೆ?" ಅಂತ ಕೇಳಿದರು. ಉಳಿದಿದ್ದ ಎರಡನ್ನು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಲೇ ತೋರಿಸಿದೆ. ಕೈ ಚಾಚಿದರು. ಕೊಟ್ಟೆ. ಕಾಗದದ ಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಎದ್ದು, ತಮ್ಮ ಕೋಣೆಗೆ ಹೋದರು. ಮುಗಿಯಿತು ಅಂದುಕೊಂಡೆ. ಕಾಫಿಗೆ ನೀರಿಟ್ಟೆ.

ಆಮೇಲೆ ಆ ಮಾತು ಎತ್ತಲಿಲ್ಲ ಅವರು, ನಾನೂ ಕೇಳಲಿಲ್ಲ. ಬಿಸಾಡಿರಬೇಕು, ಇಲ್ಲವೇ ಊರಿನ ಯಾವುದೋ ಮಗುವಿಗೆ ಕೊಟ್ಟಿರಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೆ. ಕುದಿಯುವುದಕ್ಕೂ ಶಕ್ತಿ ಬೇಕು. ಕ್ರಮೇಣ ಅದೂ ಆರಿತು. ಕಾಫಿ ಹೇಗಿತ್ತೋ ಹಾಗೇ ನಡೆಯಿತು, ಮೊದಲನೇದು ಅವರಿಗೆ, ಎರಡನೇದು ನಮಗೆ. ಒಂದು ಸಲ ಮಾತ್ರ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದಾಗ ಅತ್ತೆ, "ಅದ್ಕೆ ಬೀಜನೂ ಹಾಕ್ತಿದ್ಲಾ ಅವ್ಳು?" ಅಂತ ಕೇಳಿದರು. ಇಲ್ಲ ಅಂದೆ. ಯಾಕೆ ಕೇಳಿದರು ಅಂತ ಯೋಚಿಸಲಿಲ್ಲ.

ಗೌರಿ ಹಬ್ಬ ಮುಗಿದ ಮೇಲಿನ ಭಾನುವಾರ. ನೆಂಟರು ಹೊರಟಿದ್ದರು, ಅವರು ಹೊದ್ದು ಹಾಸಿದ್ದೆಲ್ಲ ಒಗೆಯಲು ಬಿದ್ದಿತ್ತು. ಜಮಖಾನ ಒಗೆದವರಿಗೆ ಗೊತ್ತು, ನೀರು ಕುಡಿದ ಜಮಖಾನ ಎಷ್ಟು ತೂಕ ಇರುತ್ತದೆ ಅಂತ. ಹಿತ್ತಿಲ ಕಲ್ಲಿನ ಮೇಲೆ ಬಡಿದು ಬಡಿದು, ಹಿಂಡಿ ಹರವಿ, ಮೊಣಕಾಲವರೆಗೆ ಒದ್ದೆಯಾಗಿ ಸಂಜೆಯ ಕಾಫಿಯ ಹೊತ್ತಿಗೆ ಒಳಗೆ ಬಂದೆ. ತಡವಾಗಿತ್ತು. ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು.

ಅತ್ತೆ ಒಲೆಯ ಮುಂದೆ ನಿಂತಿದ್ದರು. ಒಂದು ಕೈ ಗೋಡೆಗೆ ಊರಿ, ಇನ್ನೊಂದು ಕೈಯಲ್ಲಿ ಕಡಗೋಲು ಹಿಡಿದು, ಒಂದೇ ಕೈಯಲ್ಲಿ ತಿರುಗಿಸುತ್ತಿದ್ದರು. ನೊರೆ ಸರಿಯಾಗಿ ಬಂದಿರಲಿಲ್ಲ. ಪಕ್ಕದಲ್ಲಿ ಬೆಲ್ಲ, ಒಣಶುಂಠಿ. ಅವರದೇ ಬುದ್ಧಿ ಒಂದಿಷ್ಟು ಸೇರಿಸಿದ್ದರು. ಸೋಸುವ ಬಟ್ಟೆ ಮೊಳೆಯಲ್ಲೇ ನೇತಾಡುತ್ತಿತ್ತು. ಕಟ್ಟೆಯ ಮೇಲೆ ಎರಡೇ ಲೋಟ ಇದ್ದವು.

"ನಿಂತ್ಕೋಬೇಡಿ ಅತ್ತೆ, ಮಂಡಿ..." ಅಂದೆ.

"ಮಂಡಿ ಕತೆ ಆಮೇಲೆ. ನೀನ್ ಕೂತ್ಕೊ," ಅಂದರು. ತಳದ ತರಿಯನ್ನೂ ಕದಡಿ ಎರಡು ಲೋಟಕ್ಕೂ ಸಮಸಮ ಹೊಯ್ದು, ಒಂದನ್ನು ನನ್ನ ಕೈಗಿಟ್ಟು, ತಾವೂ ನಿಧಾನವಾಗಿ ಮಣೆಯ ಮೇಲೆ ಕೂತರು. ಲೋಟವನ್ನು ತುಟಿಗೆ ಹಚ್ಚಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು ಕುಡಿದರು.

ಪಡಸಾಲೆಯಿಂದ ನನ್ನ ಗಂಡ ಕೂಗಿದರು. "ಲೇ, ಕಾಫಿ ಎಲ್ಲೇ? ಎಷ್ಟೊತ್ತು?"

ಲೋಟ ಕೆಳಗಿಟ್ಟು ಅರ್ಧ ಎದ್ದಿದ್ದೆ. ಕಾಲಿಗೆ ಅಷ್ಟೇ ಗೊತ್ತಿದ್ದದ್ದು. ಅತ್ತೆ ನನ್ನ ಸೆರಗು ಹಿಡಿದು ಕೆಳಕ್ಕೆ ಎಳೆದರು. ಬಾಗಿಲ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಇರ್‍ಲಾ, ಅವ್ಳು ಕುಡೀತಾವ್ಳೆ!"

ಪಡಸಾಲೆಯಲ್ಲಿ ಪೇಪರು ಮಗುಚಿದ ಸದ್ದು ಕೇಳಿಸಿತು. ನಾನು ಲೋಟವನ್ನು ಮತ್ತೆ ಎತ್ತಿಕೊಂಡೆ. ಖಾರ ಅತಿಯಾಗಿತ್ತು, ಬೆಲ್ಲ ಸಾಲದು, ತಳ ಹಿಡಿದ ವಾಸನೆಯೂ ಇತ್ತು. ನಾಲಿಗೆ ಸುಟ್ಟಿತು. ಆರಲು ಬಿಡದೆ ಕುಡಿದೆ.